ಇಂಟೆಲ್ ಎನ್100 ಮತ್ತು ಎಎಂಡಿ ರೈಜೆನ್ 3 7320ಯು: ನಿತ್ಯದ ಕೆಲಸಕ್ಕೆ ಯಾವುದು ಮೇಲು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎರಡು ಎಂಟ್ರಿ ಲೆವೆಲ್ ಲ್ಯಾಪ್‌ಟಾಪ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ. ಒಂದರಲ್ಲಿ ಇಂಟೆಲ್‌ನ ಎನ್100 ಪ್ರೊಸೆಸರ್ ಇದೆ, ಇನ್ನೊಂದರಲ್ಲಿ ಎಎಂಡಿಯ ರೈಜೆನ್ 3 7320ಯು ಇದೆ. ಎರಡಕ್ಕೂ ನಾಲ್ಕು ಕೋರ್‌ಗಳು. ಆದರೆ ಎನ್100ರಲ್ಲಿ ಥ್ರೆಡ್‌ಗಳು (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು) ನಾಲ್ಕೇ, ರೈಜೆನ್‌ನಲ್ಲಿ ಎಂಟು. ಗರಿಷ್ಠ ವೇಗ ಮೊದಲನೆಯದಕ್ಕೆ 3.4 ಗಿಗಾಹರ್ಟ್ಸ್, ಎರಡನೆಯದಕ್ಕೆ 4.1 ಗಿಗಾಹರ್ಟ್ಸ್. ಟಿಡಿಪಿ (ದುಡಿಯುವಾಗ ಪ್ರೊಸೆಸರ್ ಬಳಸುವ ವಿದ್ಯುತ್ತಿನ ಅಂದಾಜು) ಎಂದು ಕೊಟ್ಟಿರುವ ಅಂಕಿ ಎನ್100ಕ್ಕೆ 6 ವ್ಯಾಟ್, ರೈಜೆನ್‌ಗೆ 15 ವ್ಯಾಟ್.

ಇಷ್ಟು ಅಂಕಿಗಳನ್ನು ನೋಡಿದರೆ ರೈಜೆನ್ ಬಹಳ ಮುಂದಿರಬೇಕು ಅನ್ನಿಸುತ್ತದೆ. ಆದರೆ ವೇಗ ಅಳೆಯುವ ಬೆಂಚ್‌ಮಾರ್ಕ್ ಪರೀಕ್ಷೆಗಳ ಪಟ್ಟಿಗಳನ್ನು ತೆರೆದು ನೋಡಿದಾಗ, ಗೀಕ್‌ಬೆಂಚ್ 6ರ ಒಂದೇ ಕೋರ್‌ನ ಪರೀಕ್ಷೆಯಲ್ಲಿ ಇವೆರಡೂ ಹತ್ತಿರ ಹತ್ತಿರವೇ ಇವೆ, ಸಿನೆಬೆಂಚ್‌ನ ಎಲ್ಲ ಕೋರ್‌ಗಳ ಪರೀಕ್ಷೆಯಲ್ಲಿ ಮಾತ್ರ ರೈಜೆನ್ ಎದ್ದು ಕಾಣುವಷ್ಟು ಮುಂದಿದೆ. ಇದಕ್ಕೆ ಕಾರಣವೇನೆಂದು ನನಗೆ ತಿಳಿಯುತ್ತಿಲ್ಲ.

ನನ್ನ ಕೆಲಸ ಇಷ್ಟು: ಬ್ರೌಸರ್‌ನಲ್ಲಿ ಹದಿನೈದು ಇಪ್ಪತ್ತು ಟ್ಯಾಬ್‌ಗಳು, ದೊಡ್ಡ ಸ್ಪ್ರೆಡ್‌ಶೀಟ್‌ಗಳು, ಪರದೆ ಹಂಚಿಕೊಂಡು ನಡೆಸುವ ವಿಡಿಯೊ ಕರೆಗಳು, ಆಗಾಗ ಪೈಥಾನ್‌ನಲ್ಲಿ ಸ್ವಲ್ಪ ದತ್ತಾಂಶ ವಿಶ್ಲೇಷಣೆ. ಆಟಗಳ ಗೊಡವೆ ಇಲ್ಲ. ನಾಲ್ಕೈದು ವರ್ಷ ಬಾಳಿಕೆ ಬರಬೇಕೆಂಬುದು ನನ್ನ ಅಪೇಕ್ಷೆ. ತಿಳಿದವರು ದಯವಿಟ್ಟು ಕಾರಣಸಹಿತ ವಿವರಿಸಬೇಕಾಗಿ ವಿನಂತಿ.

ಉತ್ತರ 1

ನೀವು ಗಮನಿಸಿದ ವ್ಯತ್ಯಾಸ ಸರಿಯಾಗಿಯೇ ಇದೆ, ಪಟ್ಟಿಗಳು ಸುಳ್ಳು ಹೇಳುತ್ತಿಲ್ಲ. ಈ ಎರಡು ಪ್ರೊಸೆಸರ್‌ಗಳ ಒಳಗಿನ ಕೋರ್‌ಗಳು ಬೇರೆ ಬೇರೆ ವಿಚಾರದಿಂದ ರೂಪುಗೊಂಡವು. ಆದ್ದರಿಂದ ಗಿಗಾಹರ್ಟ್ಸ್‌ಗೆ ಗಿಗಾಹರ್ಟ್ಸ್ ತೂಗಿ ನೋಡುವುದರಿಂದ ಏನೂ ಸಿಗುವುದಿಲ್ಲ.

ಎನ್100 ಬಂದದ್ದು 2023ರ ಆರಂಭದಲ್ಲಿ. ಅದರಲ್ಲಿರುವ ನಾಲ್ಕೂ ಕೋರ್‌ಗಳು ಗ್ರೇಸ್‌ಮಾಂಟ್ ಎಂಬ ವಿನ್ಯಾಸದವು. ಇಂಟೆಲ್ ತನ್ನ 12ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್‌ಗಳ ಪಕ್ಕದಲ್ಲಿ ವಿದ್ಯುತ್ ಉಳಿಸಲೆಂದು ಇರಿಸಿದ ಸಣ್ಣ ಕೋರ್‌ಗಳೇ ಇವು. ಎನ್100ರಲ್ಲಿ ದೊಡ್ಡ ಕೋರ್ ಒಂದೂ ಇಲ್ಲ. ಸಣ್ಣದು ಎಂದ ಮಾತ್ರಕ್ಕೆ ಇದನ್ನು ಇಂಟೆಲ್‌ನ ಹಳೆಯ ಅಗ್ಗದ ಪ್ರೊಸೆಸರ್‌ಗಳಾದ ಸೆಲೆರಾನ್‌ಗಳ ಸಾಲಿಗೆ ಸೇರಿಸಬಾರದು. ಉದಾಹರಣೆಗೆ ಎನ್4020 ಎಂಬ ಸೆಲೆರಾನ್‌ನಲ್ಲಿ ಎರಡೇ ಕೋರ್‌ಗಳಿದ್ದವು, ಹಲವು ಸಂಖ್ಯೆಗಳ ಲೆಕ್ಕವನ್ನು ಒಟ್ಟಿಗೆ ಮಾಡುವ ಎವಿಎಕ್ಸ್ ಆದೇಶಗಳ ಬೆಂಬಲವೇ ಇರಲಿಲ್ಲ. ಗ್ರೇಸ್‌ಮಾಂಟ್‌ನಲ್ಲಿ ಎವಿಎಕ್ಸ್2 ಇದೆ, ಪ್ರತಿ ಕೋರ್‌ಗೆ 64 ಕೆಬಿಯಷ್ಟು ಆದೇಶಗಳ ಕ್ಯಾಶ್ (ಪ್ರೊಸೆಸರ್‌ನ ಒಳಗೇ ಇರುವ ಚಿಕ್ಕ, ವೇಗದ ಮೆಮೊರಿ) ಇದೆ, ಒಂದೇ ಕ್ಲಾಕ್‌ನಲ್ಲಿ ಮಾಡಿ ಮುಗಿಸುವ ಕೆಲಸದ ಲೆಕ್ಕದಲ್ಲಿ ಅದು ಇಂಟೆಲ್‌ನದೇ ಹಿಂದಿನ ದೊಡ್ಡ ಕೋರ್ ಆದ ಸ್ಕೈಲೇಕ್‌ನ ಸಮಕ್ಕೆ ನಿಲ್ಲುತ್ತದೆ.

ರೈಜೆನ್ 3 7320ಯು 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದರೂ ಅದರ ಕೋರ್ ಜೆನ್ 2. ಈ ವಿನ್ಯಾಸ ಮೊದಲು ಬಂದದ್ದು 2019ರಲ್ಲಿ. ಎಎಂಡಿ ಅದನ್ನು 6 ನ್ಯಾನೊಮೀಟರ್ ತಯಾರಿಕೆಗೆ ಹೊಂದಿಸಿ, ಹೊಸ ಗ್ರಾಫಿಕ್ಸ್ ಮತ್ತು ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್5 ಮೆಮೊರಿಯೊಡನೆ ಜೋಡಿಸಿ ಮೆಂಡೊಸಿನೊ ಎಂಬ ಹೆಸರಿನಲ್ಲಿ ತಂದಿತು. ಜೆನ್ 2 ಒಳ್ಳೆಯ ಕೋರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಡೆಸ್ಕ್‌ಟಾಪ್ ಜೆನ್ 2ರಲ್ಲಿ ನಾಲ್ಕು ಕೋರ್‌ಗಳ ಒಂದು ಗುಂಪಿಗೆ 16 ಎಂಬಿ ಎಲ್3 ಕ್ಯಾಶ್ (ಕೋರ್‌ಗಳು ಹಂಚಿಕೊಳ್ಳುವ ಕ್ಯಾಶ್) ಸಿಗುತ್ತಿತ್ತು, ಇಲ್ಲಿ ಸಿಗುವುದು 4 ಎಂಬಿ ಮಾತ್ರ. ಕ್ಯಾಶ್ ಕಿರಿದಾದಷ್ಟೂ ಪ್ರೊಸೆಸರ್ ಹೆಚ್ಚು ಸಲ ಮೆಮೊರಿಯತ್ತ ಓಡಬೇಕಾಗುತ್ತದೆ, ಕಾಯುವ ಆ ಹೊತ್ತಿನಲ್ಲಿ 4.1 ಗಿಗಾಹರ್ಟ್ಸ್ ಇದ್ದರೂ ಕೆಲಸ ಮುಂದೆ ಸಾಗುವುದಿಲ್ಲ. ಎನ್100ಕ್ಕೆ 6 ಎಂಬಿ ಎಲ್3 ಇದೆ. ಒಂದೇ ಕೋರ್‌ನ ಪರೀಕ್ಷೆಯಲ್ಲಿ ಕಡಿಮೆ ಗಿಗಾಹರ್ಟ್ಸ್‌ನ ಎನ್100 ಹಿಂದೆ ಬೀಳದೆ ನಿಲ್ಲುವುದಕ್ಕೆ ಇದೊಂದು ದೊಡ್ಡ ಕಾರಣ.

ಎಲ್ಲ ಕೋರ್‌ಗಳೂ ದುಡಿಯುವಾಗ ಚಿತ್ರ ಬದಲಾಗಲು ಎರಡು ಕಾರಣಗಳಿವೆ. ಮೊದಲನೆಯದು ಥ್ರೆಡ್‌ಗಳು. ಒಂದು ಥ್ರೆಡ್ ಮೆಮೊರಿಗಾಗಿ ಕಾಯುತ್ತಿರುವಾಗ ಅದೇ ಕೋರ್‌ನಲ್ಲಿ ಇನ್ನೊಂದು ಥ್ರೆಡ್ ಕೆಲಸ ಮುಂದುವರಿಸುವ ವ್ಯವಸ್ಥೆ ಜೆನ್ 2ರಲ್ಲಿದೆ, ಗ್ರೇಸ್‌ಮಾಂಟ್‌ನಲ್ಲಿಲ್ಲ. ಹಾಗೆಂದು ಎಂಟು ಥ್ರೆಡ್ ಎಂದರೆ ಎರಡರಷ್ಟು ವೇಗವೆಂದು ತಿಳಿಯಬೇಡಿ. ಸಿಗುವ ಲಾಭ ಕೆಲಸಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ, ಚೆನ್ನಾಗಿ ಹಂಚಿಕೊಳ್ಳಬಲ್ಲ ಕೆಲಸಗಳಲ್ಲಿಯೂ ಅದು ಸಾಮಾನ್ಯವಾಗಿ ಕಾಲು ಭಾಗದ ಆಸುಪಾಸಿನಲ್ಲಿರುತ್ತದೆ.

ಎರಡನೆಯದು ವಿದ್ಯುತ್ತಿನ ಮಿತಿ, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯ. ಇಂಟೆಲ್ ಪ್ರೊಸೆಸರ್‌ಗಳಿಗೆ ಎರಡು ಮಿತಿಗಳಿರುತ್ತವೆ: ಸ್ವಲ್ಪ ಹೊತ್ತಿಗೆ ಎಳೆದುಕೊಳ್ಳಬಹುದಾದ ಹೆಚ್ಚಿನ ವಿದ್ಯುತ್ತು ಪಿಎಲ್2, ದೀರ್ಘಕಾಲ ಮೀರಬಾರದ ವಿದ್ಯುತ್ತು ಪಿಎಲ್1. ಒಂದು ಪುಟ ತೆರೆಯುವಾಗಲೋ ಕಡತವೊಂದನ್ನು ಉಳಿಸುವಾಗಲೋ ಪಿಎಲ್2 ಒದಗಿಬರುತ್ತದೆ, ಕೆಲಸ ಮುಗಿದೇ ಹೋಗುತ್ತದೆ. ಆದರೆ ಪರದೆ ಹಂಚಿಕೊಂಡ ವಿಡಿಯೊ ಕರೆ ಮುಕ್ಕಾಲು ಗಂಟೆ ನಡೆದರೆ ಪ್ರೊಸೆಸರ್ ಬದುಕುವುದು ಪಿಎಲ್1ರ ಮೇಲೆಯೇ. ಲ್ಯಾಪ್‌ಟಾಪ್ ತಯಾರಿಸುವವರು ಇದನ್ನು 6 ವ್ಯಾಟ್‌ನಲ್ಲೇ ಬಿಗಿಯಬಹುದು, ಒಳ್ಳೆಯ ಶಾಖ ನಿವಾರಕವಿದ್ದರೆ ಅದಕ್ಕಿಂತ ಮೇಲಕ್ಕೂ ಏರಿಸಬಹುದು. ಫ್ಯಾನ್ ಇಲ್ಲದ ತೆಳುವಾದ ಎನ್100 ಲ್ಯಾಪ್‌ಟಾಪ್‌ಗೂ ಫ್ಯಾನ್ ಇರುವ ಎನ್100 ಯಂತ್ರಕ್ಕೂ ದೀರ್ಘ ಕೆಲಸದಲ್ಲಿ ಕಾಣುವ ಅಂತರ ಕೆಲವೊಮ್ಮೆ ಎರಡು ಬೇರೆ ಪ್ರೊಸೆಸರ್‌ಗಳ ನಡುವಿನ ಅಂತರದಷ್ಟೇ ಇರುತ್ತದೆ. 15 ವ್ಯಾಟ್‌ನ ರೈಜೆನ್‌ಗೆ ಈ ವಿಷಯದಲ್ಲಿ ಹೆಚ್ಚು ಅವಕಾಶವಿದೆ, ಆದರೆ ಅದನ್ನೂ ತಯಾರಕರು ಕೆಳಗಿನ ಮಿತಿಗೆ ಇಳಿಸಲು ಸಾಧ್ಯವಿದೆ.

ಪೈಥಾನ್ ವಿಷಯಕ್ಕೆ ಒಂದು ಮಾತು. ನಂಪೈ, ಪಾಂಡಾಸ್‌ನಂಥ ಲೈಬ್ರರಿಗಳು ಲೆಕ್ಕಾಚಾರಕ್ಕೆ ಎವಿಎಕ್ಸ್2 ಆದೇಶಗಳನ್ನು ಬಳಸಿಕೊಳ್ಳುತ್ತವೆ. ಎರಡೂ ಪ್ರೊಸೆಸರ್‌ಗಳು ಆ ಆದೇಶಗಳನ್ನು ಅರಿಯುತ್ತವೆ. ಆದರೆ ಜೆನ್ 2ರ ಲೆಕ್ಕದ ಘಟಕಗಳು 256 ಬಿಟ್ ಅಗಲವಿದ್ದು ಆದೇಶವನ್ನು ಇಡಿಯಾಗಿ ನಡೆಸುತ್ತವೆ, ಗ್ರೇಸ್‌ಮಾಂಟ್‌ನ ಘಟಕಗಳು 128 ಬಿಟ್ ಅಗಲವಿರುವುದರಿಂದ ಒಂದು ಆದೇಶವನ್ನು ಎರಡು ತುಂಡು ಮಾಡಿ ನಡೆಸುತ್ತವೆ. ದೊಡ್ಡ ಮ್ಯಾಟ್ರಿಕ್ಸ್‌ಗಳ ಗುಣಾಕಾರದಂಥ ಕೆಲಸದಲ್ಲಿ ರೈಜೆನ್ ಖಂಡಿತ ಮುಂದೆ. ಹೀಗಾಗಿ ಬರೀ ಪ್ರೊಸೆಸರ್‌ಗಳನ್ನಷ್ಟೇ ಹೋಲಿಸಿದರೆ ನನ್ನ ಮತ 7320ಯು ಕಡೆಗೆ.

ಉತ್ತರ 2

ಮೇಲಿನವರು ಕೋರ್‌ಗಳ ಬಗ್ಗೆ ಬರೆದದ್ದನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಅವರ ಕೊನೆಯ ಮಾತಿನ ಬಗ್ಗೆ ನನಗೆ ತಕರಾರಿದೆ. ಈ ದರ್ಜೆಯ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವವರನ್ನು ಕಾಡುವುದು ಹೆಚ್ಚಾಗಿ ಪ್ರೊಸೆಸರ್ ಅಲ್ಲ, ರ‍್ಯಾಮ್ ಮತ್ತು ಸ್ಟೋರೇಜ್. ಇಪ್ಪತ್ತು ಟ್ಯಾಬ್‌ಗಳ ಜೊತೆಗೆ ಒಂದು ವಿಡಿಯೊ ಕರೆ ಮತ್ತು ದೊಡ್ಡ ಸ್ಪ್ರೆಡ್‌ಶೀಟ್ ತೆರೆದಿದ್ದರೆ 8 ಜಿಬಿ ಬೇಗನೆ ತುಂಬುತ್ತದೆ. ಗ್ರಾಫಿಕ್ಸ್‌ಗೆ ಪ್ರತ್ಯೇಕ ಮೆಮೊರಿ ಇಲ್ಲದ ಕಾರಣ ಅದರಲ್ಲೇ ಒಂದು ಪಾಲು ಅತ್ತ ಹೋಗುತ್ತದೆ. ರ‍್ಯಾಮ್ ತುಂಬಿದ ಮೇಲೆ ವಿಂಡೋಸ್ ದತ್ತಾಂಶವನ್ನು ಸ್ಟೋರೇಜ್‌ಗೆ ಇಳಿಸಿ ಮತ್ತೆ ಎತ್ತಿಕೊಳ್ಳತೊಡಗುತ್ತದೆ. ಟ್ಯಾಬ್ ಬದಲಿಸಿದಾಗ ಪುಟ ಒಂದು ಕ್ಷಣ ಬಿಳಿಯಾಗಿ ನಿಂತು ಆಮೇಲೆ ಮೂಡುವುದನ್ನು ನೀವು ನೋಡಿರಬಹುದು. ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಗ್ರಾಫ್ ಅರ್ಧಕ್ಕೂ ಏರಿರುವುದಿಲ್ಲ, ಡಿಸ್ಕ್ ಗ್ರಾಫ್ ಮಾತ್ರ ನೆತ್ತಿ ಮುಟ್ಟಿರುತ್ತದೆ. ಅಂಥ ಕಡೆ ಪ್ರೊಸೆಸರ್ ಎಷ್ಟು ಚುರುಕಾಗಿದ್ದರೂ ಏನೂ ಮಾಡಲಾರದು.

ಇಲ್ಲಿ ಈ ಎರಡು ಪ್ರೊಸೆಸರ್‌ಗಳ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. 7320ಯು ಒಪ್ಪುವುದು ಎಲ್‌ಪಿಡಿಡಿಆರ್5 ಮೆಮೊರಿಯನ್ನು ಮಾತ್ರ. ಈ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಕೊಳ್ಳುವಾಗ 8 ಜಿಬಿ ಇದ್ದರೆ ಯಂತ್ರದ ಆಯುಷ್ಯವಿಡೀ 8 ಜಿಬಿಯೇ. ಎನ್100 ಹಾಗಲ್ಲ. ಅದು ಡಿಡಿಆರ್4, ಡಿಡಿಆರ್5, ಎಲ್‌ಪಿಡಿಡಿಆರ್5 ಮೂರನ್ನೂ ಒಪ್ಪುತ್ತದೆ, ಆದ್ದರಿಂದ ಕೆಲವು ಮಾದರಿಗಳಲ್ಲಿ ರ‍್ಯಾಮ್ ಬದಲಿಸಬಹುದಾದ ಸ್ಲಾಟ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಇಂಟೆಲ್ ಅಧಿಕೃತವಾಗಿ ಹೇಳುವ ಗರಿಷ್ಠ ಮಿತಿ 16 ಜಿಬಿ. ಎನ್100ಕ್ಕೆ ಮೆಮೊರಿ ಚಾನೆಲ್ (ಮೆಮೊರಿಯಿಂದ ದತ್ತಾಂಶ ಸಾಗುವ ದಾರಿ) ಒಂದೇ ಇರುವುದು ಅದರ ಕೊರತೆ: ಡಿಡಿಆರ್4-3200 ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ, ಡಿಡಿಆರ್5-4800 ಇದ್ದರೆ 38.4 ಜಿಬಿ ದತ್ತಾಂಶ ಸಾಗಬಲ್ಲದು. ಆದ್ದರಿಂದ ಎನ್100 ಆರಿಸಿಕೊಳ್ಳುವವರು ಸಾಧ್ಯವಾದರೆ ಡಿಡಿಆರ್5 ಇರುವ ಮಾದರಿಯನ್ನೇ ನೋಡುವುದು ಲೇಸು.

ಸ್ಟೋರೇಜ್ ವಿಷಯದಲ್ಲಿ ಇಎಂಎಂಸಿ ಎಂಬ ಅಗ್ಗದ, ನಿಧಾನವಾದ ಸ್ಟೋರೇಜ್ ಇರುವ ಮಾದರಿಗಳನ್ನು ದಯವಿಟ್ಟು ಬಿಟ್ಟುಬಿಡಿ. ಇಎಂಎಂಸಿ 5.1ರ ಸಂಪರ್ಕದ ಮಿತಿ ಸೆಕೆಂಡಿಗೆ 400 ಎಂಬಿ. ಸಣ್ಣ ಸಣ್ಣ ಕಡತಗಳನ್ನು ಅಲ್ಲಿ ಇಲ್ಲಿ ಓದಿ ಬರೆಯುವಾಗ ಅದು ಇನ್ನೂ ನಿಧಾನವಾಗುತ್ತದೆ, ನಿತ್ಯದ ಬಳಕೆಯಲ್ಲಿ ನಡೆಯುವುದು ಬಹುಪಾಲು ಅದೇ. ವೇಗದ ಸ್ಟೋರೇಜ್ ಆದ ಎನ್‌ವಿಎಂಇ ಎಸ್‌ಎಸ್‌ಡಿ ಇದ್ದರೆ ಎನ್100 ಕೂಡ ಹಗುರವಾಗಿ ಓಡುತ್ತದೆ.

ಗ್ರಾಫಿಕ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಚುಟುಕಾಗಿ ಹೇಳುತ್ತೇನೆ. ಎನ್100ರ ಯುಎಚ್‌ಡಿ ಗ್ರಾಫಿಕ್ಸ್‌ನ 24 ಘಟಕಗಳು 750 ಮೆಗಾಹರ್ಟ್ಸ್‌ನಲ್ಲಿ ಸುಮಾರು 288 ಗಿಗಾಫ್ಲಾಪ್ಸ್ (ಸೆಕೆಂಡಿಗೆ ಶತಕೋಟಿ ಲೆಕ್ಕಗಳು), ರೈಜೆನ್‌ನ ರೇಡಿಯಾನ್ 610ಎಂ ಎರಡು ಘಟಕಗಳು 1.9 ಗಿಗಾಹರ್ಟ್ಸ್‌ನಲ್ಲಿ ಸುಮಾರು 486 ಗಿಗಾಫ್ಲಾಪ್ಸ್ ಲೆಕ್ಕಕ್ಕೆ ಬರುತ್ತವೆ. ಆಟವಾಡದವರಿಗೆ ಈ ಅಂತರದಿಂದ ಆಗಬೇಕಾದದ್ದೇನೂ ಇಲ್ಲ. ನಿಮಗೆ ಬೇಕಾದದ್ದು ವಿಡಿಯೊ ಡಿಕೋಡಿಂಗ್, ಅಂದರೆ ಸಂಕುಚಿಸಿದ ವಿಡಿಯೊವನ್ನು ಬಿಡಿಸುವುದು, ಅದರಲ್ಲಿ ಎರಡೂ ಸಮ: ಎಚ್.264, ಎಚ್‌ಇವಿಸಿ, ವಿಪಿ9 ಎಂಬ ಬಗೆಗಳು ಮಾತ್ರವಲ್ಲದೆ ಎವಿ1 ವಿಡಿಯೊವನ್ನು ಕೂಡ ಎರಡೂ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತವೆ.

ಪ್ರಶ್ನಿಸಿದವರ ಮುಂದುವರಿಕೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾವು ಹೇಳಿದ ಮೇಲೆ ಎರಡೂ ಯಂತ್ರಗಳ ವಿವರಪಟ್ಟಿಯನ್ನು ಮತ್ತೆ ಓದಿದೆ. ಎನ್100 ಯಂತ್ರದಲ್ಲಿ 8 ಜಿಬಿಯ ಒಂದೇ ಡಿಡಿಆರ್5 ಮಾಡ್ಯೂಲ್ ಸ್ಲಾಟ್‌ನಲ್ಲಿದೆ, ಅದನ್ನು ಬದಲಿಸಬಹುದು. ಫ್ಯಾನ್ ಕೂಡ ಇದೆ. ರೈಜೆನ್ ಯಂತ್ರದಲ್ಲಿ 8 ಜಿಬಿ ಬೆಸುಗೆ ಹಾಕಿದ್ದು. ಎರಡಕ್ಕೂ ಎನ್‌ವಿಎಂಇ ಎಸ್‌ಎಸ್‌ಡಿ ಇದೆ.

ಇನ್ನೆರಡು ಸಂದೇಹಗಳು ಉಳಿದಿವೆ. ಬೆಂಚ್‌ಮಾರ್ಕ್ ಅಂಕಗಳನ್ನು ಓದುವಾಗ ಯಾವುದನ್ನು ನಂಬಬೇಕು? ಅಲ್ಲದೆ ಹುಡುಕುವಾಗ ಎನ್95, ಎನ್200, ರೈಜೆನ್ 3 7330ಯು ಎಂಬ ಹೆಸರುಗಳೂ ಸಿಕ್ಕವು. ಅಂಕಿ ಒಂದಿಷ್ಟು ಬದಲಾದರೆ ಒಳಗೂ ಅಷ್ಟೇ ಬದಲಾಗಿರುತ್ತದೆಯೇ?

ಉತ್ತರ 3

ಎರಡನೆಯ ಸಂದೇಹದಿಂದ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚು ಜನ ಎಡವುವುದು ಅಲ್ಲಿಯೇ. ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಹೆಸರಿನಲ್ಲಿ ಮೂರನೆಯ ಅಂಕಿಯು ಕೋರ್‌ನ ವಿನ್ಯಾಸವನ್ನು ಸೂಚಿಸುತ್ತದೆ. 7320ಯು ಎಂಬಲ್ಲಿ ಅದು 2, ಅಂದರೆ ಜೆನ್ 2. 7330ಯು ಎಂಬಲ್ಲಿ 3, ಅಂದರೆ ಜೆನ್ 3. ಹೆಸರಿನಲ್ಲಿ ಒಂದೇ ಅಂಕಿಯ ಅಂತರ, ಒಳಗೆ ಬೇರೆಯದೇ ಚಿಪ್: ಎಲ್3 ಕ್ಯಾಶ್ ಎರಡರಷ್ಟು, ಅಂದರೆ 8 ಎಂಬಿ, ಗರಿಷ್ಠ ವೇಗ 4.3 ಗಿಗಾಹರ್ಟ್ಸ್, ಮೆಮೊರಿ ಡಿಡಿಆರ್4. ಸಾಮಾನ್ಯ ಕೆಲಸಗಳಲ್ಲಿ 7330ಯು ನಿಮ್ಮ ಎನ್100 ಮತ್ತು 7320ಯು ಎರಡಕ್ಕಿಂತಲೂ ಸ್ಪಷ್ಟವಾಗಿ ಮುಂದಿದೆ. ಆದರೆ ಅದರ ಗ್ರಾಫಿಕ್ಸ್ ಹಳೆಯ ವೇಗಾ ವಿನ್ಯಾಸದ್ದಾದ್ದರಿಂದ ಎವಿ1 ವಿಡಿಯೊವನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸಲಾರದು, ಆ ಹೊರೆ ಕೋರ್‌ಗಳ ಮೇಲೆಯೇ ಬೀಳುತ್ತದೆ. ಇಂಥ ಅಡ್ಡಾದಿಡ್ಡಿ ಜೋಡಣೆಗಳಿರುವುದರಿಂದ, ಹೆಸರಿನ ಅಂಕಿ ದೊಡ್ಡದಾದಷ್ಟೂ ಎಲ್ಲವೂ ಹೊಸದು ಎಂದು ಭಾವಿಸಬಾರದು.

ಇಂಟೆಲ್ ಕಡೆ ಎನ್95, ಎನ್100, ಎನ್200 ಮೂರೂ ನಾಲ್ಕು ಗ್ರೇಸ್‌ಮಾಂಟ್ ಕೋರ್‌ಗಳ ಒಂದೇ ಕುಟುಂಬದವು. ಎನ್95ಕ್ಕೆ 15 ವ್ಯಾಟ್ ಕೊಟ್ಟು ಗ್ರಾಫಿಕ್ಸ್ ಘಟಕಗಳನ್ನು 16ಕ್ಕೆ ಇಳಿಸಿದ್ದಾರೆ. ಎನ್200 ಮತ್ತೆ 6 ವ್ಯಾಟ್‌ನದು, ಗರಿಷ್ಠ ವೇಗ 3.7 ಗಿಗಾಹರ್ಟ್ಸ್, ಗ್ರಾಫಿಕ್ಸ್ ಘಟಕಗಳು 32. ನಿಮ್ಮ ಬಳಕೆಗೆ ಈ ಮೂರರ ನಡುವಿನ ವ್ಯತ್ಯಾಸ ಗಣನೆಗೆ ಬರುವಂಥದ್ದಲ್ಲ. ಅದೇ ಕುಟುಂಬದ ಕೋರ್ ಐ3-ಎನ್305ರಲ್ಲಾದರೋ ಎಂಟು ಕೋರ್‌ಗಳಿವೆ, ಅದು ಸಿಕ್ಕರೆ ವಿಚಾರವೇ ಬೇರೆಯಾಗುತ್ತದೆ.

ಇನ್ನು ಬೆಂಚ್‌ಮಾರ್ಕ್. ಪ್ರತಿಯೊಂದೂ ಯಾವ ಪ್ರಶ್ನೆಗೆ ಉತ್ತರ ಹೇಳುತ್ತದೆ ಎಂದು ತಿಳಿದುಕೊಂಡರೆ ಎಲ್ಲವನ್ನೂ ನಂಬಬಹುದು. ಗೀಕ್‌ಬೆಂಚ್‌ನಲ್ಲಿ ಕಡತ ಸಂಕುಚನ, ವೆಬ್ ಪುಟ, ಚಿತ್ರ ಸಂಸ್ಕರಣೆ ಮುಂತಾದ ಸಣ್ಣ ಸಣ್ಣ ಕೆಲಸಗಳು ಒಂದರ ಹಿಂದೆ ಒಂದು ಬರುತ್ತವೆ, ನಡುವೆ ಬಿಡುವೂ ಇರುತ್ತದೆ. ಪ್ರೊಸೆಸರ್ ಬಿಸಿಯಾಗಿ ಮಿತಿಗೆ ಸಿಕ್ಕಿಬೀಳುವ ಮೊದಲೇ ಪ್ರತಿ ಕೆಲಸವೂ ಮುಗಿಯುವುದರಿಂದ ಇದು ಎನ್100ದಂಥ ಕಡಿಮೆ ವ್ಯಾಟ್‌ನ ಪ್ರೊಸೆಸರ್‌ಗೆ ಅನುಕೂಲಕರ. ನಿತ್ಯದ ಬಳಕೆಯೂ ಬಹುಮಟ್ಟಿಗೆ ಹೀಗೆಯೇ ಇರುವುದರಿಂದ ಈ ಅಂಕ ನಿಮ್ಮ ಕೆಲಸಕ್ಕೆ ಹತ್ತಿರದ್ದು. ಸಿನೆಬೆಂಚ್ ಆರ್23 ಬೇರೆ ಬಗೆಯದು. ಅದು ಒಂದೇ ಮೂರು ಆಯಾಮದ ದೃಶ್ಯವನ್ನು ಚಿತ್ರಿಸುವ ಕೆಲಸವನ್ನು ಪೂರ್ವನಿಗದಿಯಂತೆ ಹತ್ತು ನಿಮಿಷ ಬಿಡದೆ ಮಾಡಿಸುತ್ತದೆ. ಆ ಕೆಲಸ ಥ್ರೆಡ್‌ಗಳಿಗೆ ಸುಲಭವಾಗಿ ಹಂಚಿಹೋಗುತ್ತದೆ, ಕ್ಯಾಶ್ ಕಿರಿದಾದರೂ ಅಷ್ಟಾಗಿ ಬಾಧಿಸುವುದಿಲ್ಲ. ಎಂಟು ಥ್ರೆಡ್ ಮತ್ತು ಹೆಚ್ಚಿನ ವ್ಯಾಟ್ ಇರುವ ರೈಜೆನ್ ಅಲ್ಲಿ ಮೆರೆಯುವುದು ಸಹಜ. ದಿನವಿಡೀ ವಿಡಿಯೊ ಸಂಕಲನ ಮಾಡುವವರು ಈ ಅಂಕವನ್ನು ನೋಡಬೇಕು.

ಒಂದು ಎಚ್ಚರಿಕೆ. ಗೀಕ್‌ಬೆಂಚ್ 5ರ ಅಂಕವನ್ನು 6ರ ಅಂಕದೊಡನೆ ಹೋಲಿಸಬೇಡಿ. ಐದನೆಯ ಆವೃತ್ತಿಯಲ್ಲಿ ಕೋರ್ ಐ3-8100 ಪ್ರೊಸೆಸರ್‌ಗೆ 1000 ಅಂಕ ಎಂಬುದು ಅಳತೆಗೋಲು, ಆರನೆಯದರಲ್ಲಿ ಕೋರ್ ಐ7-12700ಕ್ಕೆ 2500 ಅಂಕ. ಅಷ್ಟೇ ಅಲ್ಲ, ಆರನೆಯದರ ಬಹು ಕೋರ್ ಪರೀಕ್ಷೆಯಲ್ಲಿ ಕೋರ್‌ಗಳು ತಮ್ಮ ತಮ್ಮ ಪ್ರತ್ಯೇಕ ಕೆಲಸ ಮಾಡುವ ಬದಲು ಒಂದೇ ಕೆಲಸವನ್ನು ಹಂಚಿಕೊಂಡು ಮಾಡುತ್ತವೆ, ಹಾಗಾಗಿ ಹೆಚ್ಚು ಥ್ರೆಡ್‌ಗಳಿಂದ ಬರುವ ಲಾಭ ಅಲ್ಲಿ ಕಡಿಮೆ ಕಾಣುತ್ತದೆ. ಎಷ್ಟೋ ಹೋಲಿಕೆ ಪುಟಗಳು ಈ ಎರಡು ಆವೃತ್ತಿಗಳನ್ನು ಒಂದೇ ಕೋಷ್ಟಕದಲ್ಲಿ ಬೆರೆಸಿಟ್ಟಿರುವುದನ್ನು ಕಂಡಾಗ ಬೇಸರವಾಗುತ್ತದೆ, ಏಕೆಂದರೆ ಓದುವವರು ಅದನ್ನೇ ನಂಬಿ ತೀರ್ಮಾನ ಮಾಡುತ್ತಾರೆ.

ಪ್ರೊಸೆಸರ್‌ನ ಹೆಸರಿಗಿಂತ ನಿಮ್ಮ ನಿರ್ದಿಷ್ಟ ಲ್ಯಾಪ್‌ಟಾಪ್ ಮಾದರಿಯ ಹೆಸರಿನಲ್ಲಿ ಫಲಿತಾಂಶಗಳನ್ನು ಹುಡುಕಿ. ಸಿನೆಬೆಂಚ್‌ನ ಮೊದಲ ಸುತ್ತಿನ ಅಂಕವನ್ನೂ ಹತ್ತು ನಿಮಿಷದ ನಂತರದ ಅಂಕವನ್ನೂ ಕೊಟ್ಟಿರುವ ವಿಮರ್ಶೆ ಸಿಕ್ಕರೆ, ಆ ಎರಡರ ಅಂತರವೇ ತಯಾರಕರು ಇಟ್ಟ ವಿದ್ಯುತ್ ಮಿತಿಯನ್ನೂ ಶಾಖ ನಿವಾರಣೆಯ ಗುಣಮಟ್ಟವನ್ನೂ ತೋರಿಸಿಕೊಡುತ್ತದೆ.

ಉತ್ತರ 1 ಬರೆದವರಿಂದ

ಬೆಸುಗೆ ಹಾಕಿದ 8 ಜಿಬಿ ಮತ್ತು ಬದಲಿಸಬಹುದಾದ ಸ್ಲಾಟ್ ಎಂಬ ವಿವರ ಬಂದ ಮೇಲೆ ನನ್ನ ಸಲಹೆ ಎರಡನೆಯ ಉತ್ತರದವರ ಕಡೆಗೆ ವಾಲುತ್ತದೆ. ನಿಮ್ಮ ಪಟ್ಟಿಯಲ್ಲಿ ರೈಜೆನ್‌ನ ನಿಜವಾದ ಬಲ ಬೇಕಾಗುವುದು ಪೈಥಾನ್ ವಿಶ್ಲೇಷಣೆಗೆ ಮಾತ್ರ, ಅದೂ ಆಗಾಗ. ಪಾಂಡಾಸ್‌ನಲ್ಲಿ ಒಂದು ದೊಡ್ಡ ಕೋಷ್ಟಕ ತೆರೆದರೆ ಅದು ಡಿಸ್ಕ್‌ನಲ್ಲಿದ್ದ ಗಾತ್ರಕ್ಕಿಂತ ಹಲವು ಪಟ್ಟು ಮೆಮೊರಿಯನ್ನು ಆಕ್ರಮಿಸಬಲ್ಲದು. 8 ಜಿಬಿ ಸಾಲದೆ ಹೋದರೆ 256 ಬಿಟ್ ಘಟಕಗಳು ಇದ್ದೂ ಉಪಯೋಗಕ್ಕೆ ಬರುವುದಿಲ್ಲ, 16 ಜಿಬಿಯ ಎನ್100 ಅದೇ ಕೆಲಸವನ್ನು ನಿಧಾನವಾಗಿಯಾದರೂ ಎಡವದೆ ಮುಗಿಸುತ್ತದೆ. ಚಾನೆಲ್ ಒಂದೇ ಇರುವುದರಿಂದ 8 ಜಿಬಿ ಮಾಡ್ಯೂಲ್ ತೆಗೆದು 16 ಜಿಬಿ ಹಾಕಿದಾಗ ಮೆಮೊರಿಯ ವೇಗ ಹೆಚ್ಚಾಗದು, ಜಾಗ ಮಾತ್ರ ಹೆಚ್ಚುತ್ತದೆ. ನಿಮಗೆ ಬೇಕಾದದ್ದೂ ಅದೇ. ರೈಜೆನ್ ಯಂತ್ರವೇ 16 ಜಿಬಿಯೊಡನೆ ಸಿಗುವಂತಿದ್ದರೆ ಎರಡನೆಯ ಯೋಚನೆಯಿಲ್ಲದೆ ಅದನ್ನು ಆರಿಸಿಕೊಳ್ಳಿ.

ಯಾವುದನ್ನು ತಂದರೂ ಮೊದಲ ವಾರದಲ್ಲೇ ಎರಡು ಪರೀಕ್ಷೆ ಮಾಡಿಬಿಡಿ, ಬದಲಾಯಿಸಿಕೊಳ್ಳುವ ಅವಧಿ ಇನ್ನೂ ಇರುತ್ತದೆ. ಚಾರ್ಜರ್ ಜೋಡಿಸಿ, ವಿಡಿಯೊ ಕರೆಯಲ್ಲಿ ಪರದೆ ಹಂಚಿಕೊಂಡು ಅರ್ಧ ಗಂಟೆ ಬಿಡಿ, ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಭಾಗದಲ್ಲಿ ವೇಗದ ಅಂಕಿಯನ್ನು ಗಮನಿಸುತ್ತಿರಿ. ಆರಂಭದಲ್ಲಿ ಮೂರು ಗಿಗಾಹರ್ಟ್ಸ್‌ನ ಮೇಲಿದ್ದದ್ದು ಸ್ವಲ್ಪ ಇಳಿದು ಒಂದು ಕಡೆ ನಿಂತರೆ ಸರಿ. ಬಳಕೆ ನೂರರ ಹತ್ತಿರವೇ ಇದ್ದು ವೇಗ ಒಂದೇ ಸಮನೆ ಕುಸಿಯುತ್ತಾ ಮಾತು ತುಂಡಾಗತೊಡಗಿದರೆ ಆ ಯಂತ್ರದ ವಿದ್ಯುತ್ ಮಿತಿ ತೀರಾ ಬಿಗಿಯಾಗಿದೆ ಎಂದರ್ಥ. ಆಮೇಲೆ ಬ್ರೌಸರ್‌ನಲ್ಲಿ ಒಂದು ವಿಡಿಯೊ ಓಡಿಸಿ ಜಿಪಿಯು ಭಾಗವನ್ನು ನೋಡಿ. ಅಲ್ಲಿ ವಿಡಿಯೊ ಡಿಕೋಡ್ ಅಥವಾ ವಿಡಿಯೊ ಕೋಡೆಕ್ ಎಂಬ ಗ್ರಾಫ್ ಏಳಬೇಕು. ಅದು ಚಪ್ಪಟೆಯಾಗಿಯೇ ಉಳಿದು ಸಿಪಿಯು ಮಾತ್ರ ಏರುತ್ತಿದ್ದರೆ, ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆನ್ ಆಗಿದೆಯೇ ಎಂದು ನೋಡಿ, ಗ್ರಾಫಿಕ್ಸ್ ಡ್ರೈವರನ್ನು ಹೊಸದಕ್ಕೆ ಬದಲಿಸಿ ಮತ್ತೊಮ್ಮೆ ಪರೀಕ್ಷಿಸಿ.